ಬಿಳಿಗಿರಿಯವರ ನಡುಕ

ಎಂಟು ವಾರದಿಂದ ಪತ್ರಿಕೆಯಲ್ಲಿ ಬಿಳಿಗಿರಿಯವರು ಬರೆದ ಚಿತ್ರವಿಲ್ಲ. ವಿಶಾಲಾಕ್ಷಮ್ಮ ಕೊನೆಯ ಪುಟದವರೆಗೂ ಹುಡುಕಿ, ಪತ್ರಿಕೆ ಮಡಚಿಟ್ಟರು.

"ಓಗ್ಬುಟ್ರು ಅಂತ ಕಾಣ್ತದೆ," ಎಂದರು.

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಗಂಡ ವೃಷಭೇಂದ್ರ ಬೆಚ್ಚಿದರು. "ಯಾರು?"

"ನಮ್ ಗುರುಗಳು."

ಗುರುಗಳನ್ನು ವಿಶಾಲಾಕ್ಷಮ್ಮ ಒಮ್ಮೆಯೂ ಕಂಡವರಲ್ಲ. ತಿಗನಾರೆಯಂಥ ಹಳ್ಳಿಯಲ್ಲಿ ಚಿತ್ರ ಬರೆಯಲು ಹೇಳಿಕೊಡುವವರು ಯಾರಿದ್ದಾರೆ? ಐವತ್ತೊಂದನೇ ವಯಸ್ಸಿನಲ್ಲಿ, ವಾರಪತ್ರಿಕೆಯ ಕಥೆಗಳ ಪಕ್ಕದ ಚಿತ್ರಗಳನ್ನು ನೋಡಿ ನೋಡಿಯೇ ವಿಶಾಲಾಕ್ಷಮ್ಮ ಕಲಿತರು. ಒಬ್ಬ ಚಿತ್ರಕಾರರಿಂದ ಸೀರೆಯ ಮಡಿಕೆ, ಇನ್ನೊಬ್ಬರಿಂದ ಎಮ್ಮೆಯ ಬೆನ್ನು. ಮನಸ್ಸು ನಿಂತದ್ದು ಮಾತ್ರ ಬಿಳಿಗಿರಿಯವರ ಗೆರೆಯ ಮೇಲೆ. ಆ ಗೆರೆ ನಡುಗುತ್ತಿತ್ತು. ಮರ ನಡುಗುತ್ತಿತ್ತು, ಮುದುಕಿಯ ಮೂಗು ನಡುಗುತ್ತಿತ್ತು, ಕಲ್ಲುಬಂಡೆಯೂ ಚಳಿಜ್ವರ ಬಂದಂತೆ ನಡುಗುತ್ತಿತ್ತು. 'ಇದು ಬದುಕಿನ ತಲ್ಲಣದ ಗೆರೆ' ಎಂದು ಯಾರೋ ಓದುಗರು ಪತ್ರಿಕೆಗೆ ಬರೆದಿದ್ದರು. ಅದನ್ನು ಕತ್ತರಿಸಿ ವಿಶಾಲಾಕ್ಷಮ್ಮ ಗೋಡೆಗೆ ಅಂಟಿಸಿಕೊಂಡಿದ್ದರು.

ಆ ನಡುಕಕ್ಕಾಗಿ ಮೂರು ವರ್ಷ ಪಟ್ಟ ಪಾಡು ಕಡಿಮೆಯಲ್ಲ. ಭೂತಗನ್ನಡಿ ಹಿಡಿದು ಗೆರೆ ಎಲ್ಲಿ ದಪ್ಪ, ಎಲ್ಲಿ ತೆಳು, ಎಲ್ಲಿ ಎಗರುತ್ತದೆ ಎಂದು ಗುರುತು ಹಾಕಿಕೊಂಡರು. ಖಾಲಿ ಹೊಟ್ಟೆಗೆ ನಾಲ್ಕು ಲೋಟ ಕಾಫಿ ಕುಡಿದು ಬರೆದರು. ಮಾಗಿಯ ಚಳಿಯಲ್ಲಿ ತಣ್ಣೀರು ಸುರಿದುಕೊಂಡು ಬರೆದರು. ಕೊನೆಗೆ ಗಂಡನನ್ನು ಮೇಜಿನ ಕೆಳಗೆ ಕೂರಿಸಿದರು.

"ಅಲ್ಲಾಡ್ಸಿ. ಅಷ್ಟು ಜೋರಾಗಲ್ಲ. ತಲ್ಲಣ ಬರ್ಬೇಕು."

"ತಲ್ಲಣ ನಂಗೇ ಬತ್ತಾದೆ ಕಣಮ್ಮಿ. ಅಲ್ಲಿ ಒಲಕ್ಕೆ ಅಂದಿ ನುಗ್ಗವೆ!"

ಅಂತೂ ನಡುಕ ಕೈಗೆ ಹತ್ತಿತು. ಹತ್ತಿದ್ದು ಇಳಿಯಲಿಲ್ಲ. ಬಾಗಿಲ ಮುಂದಿನ ರಂಗೋಲಿ ನಡುಗಿತು. ಹಾಲಿನ ಡೈರಿಯ ಸೆಕ್ರೆಟರಿ ಅವರ ಸಹಿ ನೋಡಿ, "ಇದು ನಿಮ್ದಲ್ಲ" ಎಂದು ಪುಸ್ತಕ ಹಿಂದಕ್ಕೆ ತಳ್ಳಿದ. ತಾಳವಾಡಿಯ ಡಾಕ್ಟರು ನರದ ಮಾತ್ರೆ ಬರೆದುಕೊಟ್ಟರು. ವಿಶಾಲಾಕ್ಷಮ್ಮ ನುಂಗಲಿಲ್ಲ. ಮೂರು ವರ್ಷದ ಸಂಪಾದನೆ ಮೂರು ದಿನದಲ್ಲಿ ಇಳಿದುಹೋದರೆ?

ಆದರೆ ಡಾಕ್ಟರ ಮಾತು ತಲೆಯಲ್ಲಿ ಕೂತಿತು. ಗುರುಗಳಿಗೂ ಇಂಥದೇ ರೋಗವಿದ್ದಿರಬೇಕು. ಪಾಪ, ರೋಗದಿಂದಲೇ ಆ ಗೆರೆ ಬಂದದ್ದು. ಈಗ ಪೆನ್ನು ಹಿಡಿಯಲೂ ಆಗದೆ ಮಲಗಿದ್ದಾರೋ, ಇಲ್ಲ ಮುಗಿದೇ ಹೋದರೋ.

ಪತ್ರಿಕೆಯ ಕಚೇರಿಗೆ ಫೋನ್ ಮಾಡಿದರು. "ಅವರು ಈಗ ಬರೀತಿಲ್ಲ" ಎಂದರು ಅಲ್ಲಿಯವರು, ಕಾರಣ ಹೇಳಲಿಲ್ಲ. ವಿಳಾಸ ಮಾತ್ರ ಸಿಕ್ಕಿತು. ಹಾಸನೂರು. ಇಷ್ಟು ಹತ್ತಿರ!

ಮರುದಿನವೇ ಗಂಡ ಹೆಂಡತಿ ಹೊರಟರು. ಒಂದು ಚೀಲದಲ್ಲಿ ರೋಗಿಗೆಂದು ಬಾಳೆಹಣ್ಣು, ಇನ್ನೊಂದರಲ್ಲಿ ವಿಶಾಲಾಕ್ಷಮ್ಮನ ಚಿತ್ರಗಳು.

ಆ ವಿಳಾಸದ ಮನೆಯ ಮುಂದೆ ಗಟ್ಟಿಮುಟ್ಟಾದ ಮನುಷ್ಯನೊಬ್ಬ ಸೌದೆ ಸೀಳುತ್ತಿದ್ದ. ಕೊಡಲಿ ಇಟ್ಟ ಗುರಿಗೇ ಬೀಳುತ್ತಿತ್ತು.

"ಬಿಳಿಗಿರಿಯವ್ರು ಮಲ್ಗವ್ರಾ?" ವಿಶಾಲಾಕ್ಷಮ್ಮ ಪಿಸುಗುಟ್ಟಿದರು.

"ಈ ಒತ್ತಲ್ಲಿ ಯಾಕ್ ಮಲಗ್ಲಿ? ನಾನೇ ಬಿಳಿಗಿರಿ. ಬನ್ನಿ, ಕೂತ್ಕೊಳ್ಳಿ."

ಅವರು ಅಂಚಿನವರೆಗೆ ತುಂಬಿದ ಕಾಫಿ ಲೋಟಗಳನ್ನು ತಂದರು. ಒಂದು ಹನಿಯೂ ಚೆಲ್ಲಲಿಲ್ಲ. ವಿಶಾಲಾಕ್ಷಮ್ಮ ಲೋಟ ತೆಗೆದುಕೊಂಡರು. ಅರ್ಧ ಕಾಫಿ ಸೀರೆಯ ಮೇಲೆ ಚೆಲ್ಲಿತು.

"ನಿಮ್ ನಡುಕ ವಾಸಿ ಆಯ್ತಾ ಗುರುಗಳೇ?"

"ಯಾವ ನಡುಕ?"

ವಿಶಾಲಾಕ್ಷಮ್ಮ ಪತ್ರಿಕೆಯಿಂದ ಕತ್ತರಿಸಿಟ್ಟ ಚಿತ್ರವೊಂದನ್ನು ತೆಗೆದು ತೋರಿಸಿದರು. ಬಿಳಿಗಿರಿ ಮೊದಲು ನಕ್ಕರು. ಆಮೇಲೆ ನಗು ಇಳಿಯಿತು.

"ನಾನು ಬಸ್ ಕಂಡಕ್ಟರ್ ಆಗಿದ್ದೆ ಕಣಮ್ಮ. ಸತ್ಯಮಂಗಲದಲ್ಲಿ ಟಿಕೆಟ್ ಕೊಟ್ಟು ಮುಗಿಸಿ, ಕಡೇ ಸೀಟಲ್ಲಿ ಕೂತು ಬರೀತಿದ್ದೆ. ದಿಂಬಂ ಘಟ್ಟಕ್ಕೆ ಇಪ್ಪತ್ತೇಳು ತಿರುವು. ನಾನು ನೆಟ್ಟಗೇ ಬರೀತಿದ್ದೆ. ಬಸ್ಸು ಬುಡ್ತಿರ್ಲಿಲ್ಲ."

ವೃಷಭೇಂದ್ರ ಸುಮ್ಮನೆ ತಮ್ಮ ಮಂಡಿ ನೀವಿಕೊಂಡರು.

"ಮತ್ತೆ ಈಗ್ಯಾಕೆ ಬರೀತಿಲ್ಲ?" ವಿಶಾಲಾಕ್ಷಮ್ಮನ ದನಿ ಸಣ್ಣದಾಗಿತ್ತು.

"ರಿಟೈರಾದೆ. ಮನೇಲಿ ಕೂತು ಬರ್ದೆ, ಗೆರೆ ನೆಟ್ಟಗೆ ಬಂತು. 'ಇದು ಬಿಳಿಗಿರಿಯವರ ಗೆರೆ ಅಲ್ಲ, ಯಾರೋ ಮೋಸ ಮಾಡ್ತಾವ್ರೆ' ಅಂತ ಪತ್ರಿಕೆಯೋರು ವಾಪಸ್ ಕಳ್ಸಿಬುಟ್ರು. ಪ್ಯಾಸೆಂಜರ್ ಆಗಿ ಬಸ್ ಅತ್ತಿ ಕೂಡ ನೋಡ್ದೆ. ಈಗ ಒಸ ಬಸ್ಸು, ತೊಟ್ಲು ತೂಗ್ದಂಗೆ ತೂಗ್ತದೆ. ಮೂರ್ನೇ ತಿರುವಿಗೇ ನಿದ್ದೆ." ಅವರು ಚೀಲದತ್ತ ಕೈ ತೋರಿಸಿದರು. "ಅದೇನದು?"

ಬೇಡವೆಂದರೂ ಬಿಡದೆ ಬಿಳಿಗಿರಿ ಒಂದು ಹಾಳೆ ಎಳೆದರು. ಬೆಳಕಿಗೆ ಹಿಡಿದರು. ಹುಬ್ಬು ಗಂಟಿಕ್ಕಿದರು.

"ಇದ್ನ ಯಾವಾಗ ಬರ್ದೆ ನಾನು?"

"ನೀವಲ್ಲ. ನಾನು."

ಬಿಳಿಗಿರಿ ಎದ್ದು ಒಳಗೆ ಹೋದರು. ಕೋಪ ಬಂತೇನೋ ಎಂದು ವಿಶಾಲಾಕ್ಷಮ್ಮ ಚಪ್ಪಲಿ ಹುಡುಕತೊಡಗಿದರು. ಅಷ್ಟರಲ್ಲಿ ಅವರು ಒಂದು ಹೊಸ ನೋಟುಬುಕ್ಕು, ಚೂಪು ಮಾಡಿದ ಪೆನ್ಸಿಲ್ಲು ಹಿಡಿದು ಬಂದು, ವಿಶಾಲಾಕ್ಷಮ್ಮನ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಈ ಬಿಳಿಗಿರಿ ಗೆರೇನ ನಂಗೂ ಒಸಿ ಕಲ್ಸಿಕೊಡಿ ಕಣಮ್ಮ."