ಚೆನ್ನಾಗಿದೀನಿ ಡಾಕ್ಟರಮ್ಮ

"ನಿದ್ದೆ ಹೇಗೆ ಬರುತ್ತೆ?"

"ಚೆನ್ನಾಗೇ ಬರುತ್ತೆ ಡಾಕ್ಟರಮ್ಮ, ದೇವರ ದಯೆ."

"ಊಟ?"

"ಅದಕ್ಕೇನು ಕಮ್ಮಿ? ದೇವರ ದಯೆ."

ಡಾಕ್ಟರ್ ಒಫೀಲಿಯಾ ಪೆನ್ನು ಕೆಳಗಿಟ್ಟು ಕಣ್ಣುಜ್ಜಿಕೊಂಡರು. ಬೆಳಗಿನಿಂದ ಸ್ಪ್ಯಾನಿಷ್‌ನಲ್ಲಿ ಜನರ ಅಳು ಕೇಳುವುದು, ಅದನ್ನು ವಲಸೆ ಕಚೇರಿಗೆ ವರದಿ ಮಾಡಿ ಬರೆಯುವುದು, ಇದೇ ಅವರ ಕೆಲಸ. ಕೇಳಿ ಕೇಳಿ ತಲೆ ಭಾರವಾಗಿತ್ತು. ಕೊನೆಗೆ ಬಂದವಳು ಅಳಲೊಲ್ಲಳು. ನೊಯೆಮಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತುಟಿಗೆ ಬಣ್ಣ ಹಚ್ಚಿಕೊಂಡು, ಮದುವೆಮನೆಗೆ ಹೊರಟವಳ ಹಾಗೆ ಎದುರು ಕೂತಿದ್ದಳು. ಮನಸ್ಸು ಮುರಿದಿದೆ ಎಂದು ಬರೆಸಿಕೊಳ್ಳಲು ಬಂದವಳ ವೇಷವೇ ಇದು! ಆದರೆ ನಮ್ಮ ಹೊಂಡುರಾಸಿನ ಹೆಂಗಸರನ್ನು ಬೈದು ಏನು ಬಂತು? ದೊಡ್ಡವರ ಮುಂದೆ ಗೋಳು ತೋಡಿಕೊಳ್ಳುವುದು ಮರ್ಯಾದಸ್ಥರಿಗೆ ತಕ್ಕದ್ದಲ್ಲ ಎಂದು ತಾಯಂದಿರು ತಲೆಗೆ ತುಂಬಿರುತ್ತಾರೆ. ಹ್ಯೂಸ್ಟನ್ನಿಗೆ ಬಂದು ಅಮೆರಿಕದ ಪೌರತ್ವವೇ ಸಿಕ್ಕರೂ ಆ ಚಾಳಿ ಬಿಡುವುದಿಲ್ಲ.

"ನಿನ್ನ ಬಾಯಿಗಿಷ್ಟು ಮಣ್ಣು ಹಾಕ!" ಜೊತೆಗೆ ಬಂದಿದ್ದ ಚೆಪಾ ಚಿಕ್ಕಮ್ಮ ಸಿಡಿದಳು. "ದಾರಿಯುದ್ದಕ್ಕೂ ನಾನು ಹೇಳ್ಕೊಟ್ಟಿದ್ದೇನು, ನೀನು ಒದರ್ತಿರೋದೇನು? ಡಾಕ್ಟರಮ್ಮ, ಇವಳ ಮಾತು ನಂಬಬೇಡಿ. ಆ ಬಣ್ಣ ಒರೆಸಿ ನೋಡಿ, ಮುಖದಲ್ಲಿ ರಕ್ತಾನೇ ಇಲ್ಲ."

"ಸುಮ್ನಿರು ಚಿಕ್ಕಮ್ಮ, ನಾಚಿಕೆ ಆಗುತ್ತೆ."

"ನಾಚಿಕೆಯಂತೆ ನಾಚಿಕೆ! ನಿನ್ನ ಗಂಡನ್ನ ವಿಮಾನ ಹತ್ತಿಸಿ ಕಳಿಸಿದ ಮೇಲೆ ಅದನ್ನ ಉಪ್ಪಿನಕಾಯಿ ಹಾಕ್ಕೊಂಡು ತಿನ್ನು."

ಡಾಕ್ಟರು ಚಿಕ್ಕಮ್ಮನನ್ನು ಹೇಗೋ ಸಮಾಧಾನ ಮಾಡಿ ಹೊರಗೆ ಕಳಿಸಿದರು. ಹೊರಗೆ ಬೆಂಚಿನ ಮೇಲೆ ನೊಯೆಮಿಯ ಗಂಡ ವಿಲ್ಮರ್ ಕೂತಿದ್ದ. ಮನೆಗಳಿಗೆ ಚಾವಣಿ ಹೊದಿಸುವ ಕೆಲಸದವನು, ಪಾಪ, ಟೋಪಿ ಹಿಂಡುತ್ತಾ ಕಾಯುತ್ತಿದ್ದ.

"ನೋಡು ಮಗಳೇ," ಡಾಕ್ಟರು ಬಾಗಿಲು ಮುಚ್ಚಿ ಬಂದು ಕೂತರು. "ನಿನ್ನ ಗಂಡನ ಹತ್ರ ಕಾಗದಪತ್ರ ಇಲ್ಲ. ನೀನು ಈ ದೇಶದ ಪ್ರಜೆ. ಅವನನ್ನ ಕಳಿಸಿಬಿಟ್ರೆ ನೀನು ತಡ್ಕೊಳಲ್ಲ ಅಂತ ಮೇಲಿನವರಿಗೆ ಅನಿಸಬೇಕು, ಆಗ್ಲೇ ಇಲ್ಲಿರೋಕೆ ಬಿಡೋದು. ನೀನು ಚೆನ್ನಾಗಿದೀನಿ ಅಂದ್ರೆ ನಾನೂ ಹಾಗೇ ಬರೀಬೇಕು. ಸುಳ್ಳು ಬರೆಯೋಕಾಗಲ್ಲ."

"ಎಲ್ಲರಿಗೂ ಇರೋದೇ ಅಲ್ವಾ ಡಾಕ್ಟರಮ್ಮ, ನನಗೇನು ವಿಶೇಷ?"

ಡಾಕ್ಟರಿಗೆ ಸಾಕುಸಾಕಾಗಿತ್ತು. ಪ್ರಶ್ನೆಗಳ ಹಾಳೆಯನ್ನು ಮಗುಚಿಟ್ಟರು. "ಆಯ್ತು ಬಿಡು, ಹೇಗಿದೀಯ ಅಂತ ಕೇಳಲ್ಲ. ನಿನ್ನೆ ಏನೇನು ಮಾಡಿದೆ, ಅದನ್ನ ಹೇಳು."

ಮಾಡಿದ ಕೆಲಸ ಹೇಳುವುದು ಗೋಳಲ್ಲವಲ್ಲ. ನೊಯೆಮಿಗೆ ಹಗುರವಾಯಿತು.

"ಕತ್ತಲಲ್ಲೇ ಎದ್ದು ಬೀನ್ಸ್ ಬೇಯಿಸಿದೆ. ವಿಲ್ಮರ್ ಕೆಲಸಕ್ಕೆ ಹೊರಟ. ಅವನ ಟ್ರಕ್ಕಿನ ಮುಂದೆ ನಾನು ಕಾರಲ್ಲಿ ಹೋದೆ."

"ಮುಂದೆ ಯಾಕೆ?"

"ಪೊಲೀಸರು ನಿಂತಿದ್ರೆ ಅವನಿಗೆ ಫೋನ್ ಮಾಡ್ಬೇಕಲ್ಲ, ಬೇರೆ ದಾರಿ ಹಿಡೀಲಿ ಅಂತ. ಆಮೇಲೆ ನನ್ನ ಕೆಲಸಕ್ಕೆ ಹೋದೆ. ಸಂಜೆ ಅದೇ ಥರ ವಾಪಸ್ ಕರ್ಕೊಂಡು ಬಂದೆ. ಅಡುಗೆ ಆಯ್ತು, ಪಾತ್ರೆ ತೊಳೆದೆ, ಬಾಗಿಲ ಹತ್ರ ಕಂಬಳಿ ಹಾಸ್ಕೊಂಡು ಮಲಗಿದೆ."

"ಬಾಗಿಲ ಹತ್ರ?"

"ಅಡ್ಡ ಮಲಗ್ತೀನಿ. ಮೆಟ್ಟಿಲ ಮೇಲೆ ಬೂಟಿನ ಸದ್ದಾದ್ರೆ ಮೊದಲು ನನಗೇ ಕೇಳಿಸ್ಬೇಕು. ಬಾಗಿಲು ಒಡೆದು ಬಂದ್ರೂ ನನ್ನ ತುಳ್ಕೊಂಡೇ ಒಳಗೆ ಹೋಗ್ಲಿ."

"ಯಾವಾಗಿಂದ?"

"ಮೇಲಿನ ಮನೆಯವನನ್ನ ವಲಸೆ ಪೊಲೀಸರು ಎಳ್ಕೊಂಡು ಹೋದ್ರಲ್ಲ, ಆವತ್ತಿಂದ. ಅವನ ಮಕ್ಕಳು ಕಿರುಚಿದ್ದು ಇನ್ನೂ..." ಇದು ಗೋಳಾಯಿತೆಂದು ಹೊಳೆದು, ಅವಳು ಅಂಗಿಯ ಮಡಿಕೆ ನೇವರಿಸಿಕೊಂಡಳು.

ಡಾಕ್ಟರು ಪೆನ್ನು ಕೈಗೆತ್ತಿಕೊಂಡರು.

"ಏನು ಬರೀತಿದೀರಿ?"

"ನೀನು ಹೇಳಿದ್ದನ್ನೇ."

"ಬೇಡ, ದಮ್ಮಯ್ಯ! ಬಾಗಿಲ ಹತ್ರ ಯಾಕೆ ಮಲಗ್ತೀನಿ ಅಂತ ವಿಲ್ಮರ್‌ಗೆ ಗೊತ್ತಿಲ್ಲ. ನನಗೆ ಬೆನ್ನುನೋವು, ಗಟ್ಟಿ ನೆಲವೇ ವಾಸಿ ಅಂತ ಹೇಳಿದೀನಿ. ನಿಜ ಗೊತ್ತಾದ್ರೆ ನನ್ನ ಕಷ್ಟ ನೋಡಲಾರದೆ ತಾನೇ ಗಂಟುಮೂಟೆ ಕಟ್ಕೊಂಡು ಊರಿಗೆ ಹೊರಟುಬಿಡ್ತಾನೆ. ಅವನ ಸ್ವಭಾವ ನಿಮಗೆ ಗೊತ್ತಿಲ್ಲ."

"ಬರೀದಿದ್ರೆ ಸರ್ಕಾರದವರೇ ಕಳಿಸ್ತಾರೆ."

ಹೊರಗೆ ಚಿಕ್ಕಮ್ಮ ಯಾವುದಕ್ಕೋ ವಿಲ್ಮರ್‌ನನ್ನು ಗದರುತ್ತಿದ್ದಳು, ಅವನು ಮೆಲ್ಲಗೆ ನಗುತ್ತಿದ್ದ. ಆ ನಗು ನಿಲ್ಲುವವರೆಗೂ ನೊಯೆಮಿ ಬಾಗಿಲನ್ನೇ ನೋಡಿದಳು. ಆಮೇಲೆ ಕಾಡಿಗೆ ಹರಡದಂತೆ ಜೋಪಾನವಾಗಿ ಕಣ್ಣೊರೆಸಿಕೊಂಡಳು.

"ಬರೀರಿ ಡಾಕ್ಟರಮ್ಮ, ಎಲ್ಲಾ ಬರೀರಿ. ಆದ್ರೆ ಇಂಗ್ಲಿಷಲ್ಲಿ ಬರೀರಿ. ಅವನಿಗೆ ಅದು ಓದಕ್ಕೆ ಬರಲ್ಲ."