ಅತ್ತೆಯ ಮಡಿಲಲ್ಲಿ ಕಾಲು

ಕಣ್ಣು ಬಿಟ್ಟಾಗ ಮಾಂಸದಂಗಡಿಯವನಿಗೆ ಕಂಡದ್ದು ತನ್ನದೇ ಎರಡು ಪಾದ. ಅವು ಅತ್ತೆಯ ಮಡಿಲಲ್ಲಿದ್ದವು! ದಿನವಿಡೀ ಕತ್ತಿ ಆಡಿಸುವವನು ಇವತ್ತು ಸ್ವಂತ ಕೈಯ ಹೆಬ್ಬೆರಳು ಕುಯ್ದುಕೊಂಡು, ರಕ್ತ ಕಂಡದ್ದೇ ತಡ, ಅಂಗಡಿಯಲ್ಲೇ ದೊಪ್ಪನೆ ಬಿದ್ದಿದ್ದ. ಮದುವೆಯಾದಾಗಿನಿಂದ ಅತ್ತೆಯೆದುರು ಕುರ್ಚಿಯಲ್ಲಿ ಕೂತವನೇ ಅಲ್ಲ. ಗಡಬಡಿಸಿ ಕಾಲೆಳೆದುಕೊಳ್ಳಲು ಹೋದ.

ಸುದ್ದಿ ತಿಳಿದು ಅಂಗಡಿಗೆ ಬಂದಿದ್ದ ಅತ್ತೆ ಪಾದಗಳನ್ನು ಒತ್ತಿ ಹಿಡಿದರು. "ಸುಮ್ನೆ ಮಲಗಿ ಅಳಿಯಂದ್ರೇ. ಕಾಲು ಮೇಲಿದ್ರೆ ತಲೆಗೆ ರಕ್ತ ಹೋಗುತ್ತಂತೆ."

"ಅತ್ತೇ, ನಿಮ್ಮ ಮೇಲೆ ಕಾಲು..."

"ಇರಲಿ ಬಿಡಿ. ಅಷ್ಟುದ್ದ ಕತ್ತಿ ಹಿಡಿಯೋ ನಿಮ್ಮನ್ನ ಕಂಡು ಇಷ್ಟು ದಿನ ನಾನೇ ಹೆದರ್ತಿದ್ದೆ!" ಅತ್ತೆ ಕಿಸಕ್ಕನೆ ನಕ್ಕು, ಅಂಗಾಲು ತಿಕ್ಕತೊಡಗಿದರು.

ಅವನ ಕಿವಿ ಕೆಂಪಾಯಿತು, ಎದೆ ಡವಡವ ಹೊಡೆದುಕೊಂಡಿತು. ಪಕ್ಕದ ಆಸ್ಪತ್ರೆಯಿಂದ ಓಡಿಬಂದು ಅವನ ನಾಡಿ ಹಿಡಿದು ಕೂತಿದ್ದ ನರ್ಸಿನ ಮುಖ ಅರಳಿತು.

"ಆಗ ತೂಕಡಿಸ್ತಿದ್ದ ನಾಡಿ ಈಗ ಕುದುರೆ ಥರ ಓಡ್ತಿದೆ! ಏನು ಔಷಧಿ ಕೊಟ್ರಿ ಅಮ್ಮಾ?"