ಸೆರಗಿಲ್ಲದವಳ ಉಡಿ

ಮಣೆಯ ಮೇಲೆ ಕೂತ ಯಾರ್ಮಿಲಾಳ ಮುಂದೆ ಕಳಕವ್ವನ ಅಕ್ಕಿ ತುಂಬಿದ ಬೊಗಸೆ ಹಾಗೇ ನಿಂತುಬಿಟ್ಟಿತು. ಚಿತ್ರ ಬರೆಯಲೆಂದು ಚೆಕೊಸ್ಲೊವಾಕಿಯಾದಿಂದ ಗಜೇಂದ್ರಗಡಕ್ಕೆ ಬಂದು, ಮೂರು ತಿಂಗಳು ಕಳಕವ್ವನ ಪಡಸಾಲೆಯಲ್ಲಿದ್ದವಳು ಇಂದು ಹೊರಟಿದ್ದಳು. ತೊಟ್ಟಿದ್ದು ಫ್ರಾಕು.

"ಸೆರಗಿಲ್ಲದಾಕಿಗೆ ಉಡಿ ಹ್ಯಾಂಗ ತುಂಬ್ತಿ ಬೇ?" ಎಂದಳು ಬಾಗಿಲಲ್ಲಿ ನಿಂತ ನೆರೆಮನೆಯ ಗಾಳೆವ್ವ.

ಯಾರ್ಮಿಲಾ ಎದ್ದು ಪೆಟ್ಟಿಗೆ ಬಿಚ್ಚಿದಳು. ಚಿತ್ರ ಬರೆಯುವಾಗ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಬಣ್ಣದ ಕಲೆಗಳ ಅರಿವೆಯನ್ನು ತೆಗೆದು ಕಟ್ಟಿಕೊಂಡು, ಮತ್ತೆ ಕೂತು, ಎರಡೂ ತುದಿ ಎತ್ತಿ ಹಿಡಿದಳು. ಆ ಅರಿವೆ ಕಟ್ಟಿಕೊಂಡು ಅವಳು ಬರೆದದ್ದೆಲ್ಲ ಕೈಗಳನ್ನೇ. ರೊಟ್ಟಿ ಬಡಿಯುವ ಕೈ, ಮಗ್ಗದಲ್ಲಿ ಲಾಳಿ ಎಸೆಯುವ ಕೈ, ಸಾವಿರದ ಒಂಬೈನೂರ ಐವತ್ತಾರರ ಆ ನಾಗರ ಪಂಚಮಿಗೆ ತವರಿಗೆ ಬಂದಿದ್ದ ಕಳಕವ್ವನ ಮಗಳು ಶಂಕ್ರವ್ವ ಗಂಡನ ಮನೆಗೆ ಹೊರಟಾಗಿನ ಕೈ. "ಮಾರಿ ಬಿಟ್ಟು ಬರೇ ಕೈ ಯಾಕ ಬರೀತಿ?" ಎಂದು ಕಳಕವ್ವ ಎಷ್ಟೋ ಸಲ ರೇಗಿದ್ದಳು.

ಈಗ ಅವಳು ಮೊರದಲ್ಲಿದ್ದ ಅಕ್ಕಿ, ಕೊಬ್ಬರಿ ಬಟ್ಟಲು, ರವಿಕೆ ಹೊಲಿಸಲೆಂದು ತಂದ ಕುಬಸದ ಕಣ ಎಲ್ಲವನ್ನೂ ಆ ಅರಿವೆಗೆ ಹಾಕಿದಳು. "ಅಷ್ಟ್ ದೂರ ಹೋದಾಕಿ ಎಲ್ಲಿ ತಿರುಗಿ ಬರ್ತಿ ನೀ" ಎನ್ನುತ್ತ ಖಾಲಿ ಮೊರ ಎತ್ತಿಕೊಳ್ಳಲು ಬಾಗಿದಳು.

ಯಾರ್ಮಿಲಾ ಉಡಿಯಿಂದ ಒಂದು ಹಿಡಿ ಅಕ್ಕಿ ತೆಗೆದು ಆ ಮೊರಕ್ಕೆ ಹಾಕಿದಳು. ತವರು ಬರಿದಾಗಬಾರದೆಂದು ಹೆಣ್ಣುಮಕ್ಕಳು ಹಾಗೆ ಹಾಕಿ ಹೋಗುತ್ತಾರೆ. ಅವಳಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಶಂಕ್ರವ್ವನ ಕೈ ಬರೆಯುತ್ತ ನೋಡಿದ್ದಳು, ಅಷ್ಟೇ.

ಕಳಕವ್ವ ಮೊರವನ್ನು ಎದೆಗೊತ್ತಿಕೊಂಡಳು.

"ಬಸ್ಸಿಗೆ ಹೊತ್ತಾತು ಗಾಳೆವ್ವಾ," ಎಂದಳು ಆಮೇಲೆ. "ನನ್ನ ಮಗಳ ಪೆಟ್ಟಿಗಿ ಹಿಡಿ."